ಪ್ರೈಮ್ ಕೊಳ್ಳುವುದಕ್ಕಾಗಿ ಇರುವ ಜೂಮನ್ನು ಮಾರಬೇಡಿ

ಗಂಗಾವತಿಯ ಮಿತ್ರರಿಗೆ ನಮಸ್ಕಾರ. ನಿಮ್ಮ ಬಳಿ ನಿಕಾನ್ ಡಿ5600 ಕ್ಯಾಮೆರಾ ಮತ್ತು ಅದರ ಜೊತೆಗೆ ಬಂದ 18–55 ಮಿ.ಮೀ. ಜೂಮ್ ಲೆನ್ಸ್ ಇದೆ (ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ). ಇಟಗಿಯ ಮಹಾದೇವ ಗುಡಿ, ಕೊಪ್ಪಳದ ಗವಿಮಠದ ಜಾತ್ರೆ, ಕಿನ್ನಾಳದ ಗೊಂಬೆ ಕಲಾವಿದರ ಕೆಲಸ, ಮನೆಯ ಸಮಾರಂಭಗಳು, ಇವುಗಳ ಚಿತ್ರ ತೆಗೆಯಬೇಕೆಂದಿದ್ದೀರಿ. ಜೂಮನ್ನು ಮಾರಿ 35 ಮತ್ತು 50 ಮಿ.ಮೀ.ನ ಎರಡು ಪ್ರೈಮ್‌ಗಳನ್ನು (ಜೂಮ್ ಆಗದ, ಒಂದೇ ನೋಟದ ಲೆನ್ಸ್‌ಗಳನ್ನು) ಕೊಳ್ಳಬೇಕೇ, ಇಲ್ಲವೇ ಎಫ್ 2.8ರ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ) ದುಬಾರಿ ಜೂಮ್ ಒಂದನ್ನೇ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ. ಇರುವ ಜೂಮನ್ನು ಉಳಿಸಿಕೊಂಡು 35 ಮಿ.ಮೀ. ಎಫ್ 1.8 ಪ್ರೈಮ್ ಒಂದನ್ನು ಮಾತ್ರ ಸೇರಿಸಿಕೊಳ್ಳಿ.

ಪ್ರೈಮ್ ಹೆಚ್ಚು ಶಾರ್ಪ್ ಎಂದು ಹಲವರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಎರಡನ್ನೂ ಎಫ್ 8ಕ್ಕೆ ಇಟ್ಟು ತೆಗೆದರೆ ಮೊಬೈಲ್ ಪರದೆಯಲ್ಲಾಗಲಿ ಸಾಧಾರಣ ಅಳತೆಯ ಪ್ರಿಂಟ್‌ನಲ್ಲಾಗಲಿ ವ್ಯತ್ಯಾಸ ಗುರುತಿಸುವುದು ಕಷ್ಟ. ಹಣ ಕೊಡಬೇಕಾದದ್ದು ಬೆಳಕಿಗಾಗಿ. ನಿಮ್ಮ ಜೂಮ್ 35 ಮಿ.ಮೀ.ನಲ್ಲಿ ಹೆಚ್ಚೆಂದರೆ ಸುಮಾರು ಎಫ್ 4.5ರವರೆಗೆ ತೆರೆಯುತ್ತದೆ, ಎಫ್ 1.8 ಪ್ರೈಮ್ ಅದಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಕಿನ್ನಾಳದಲ್ಲಿ ಒಂದೇ ಕಿಟಕಿಯ ಕೋಣೆಯೊಳಗೆ ಕಲಾವಿದರು ಗೊಂಬೆಗೆ ಕಣ್ಣು ಬರೆಯುತ್ತಿದ್ದಾರೆ ಎಂದುಕೊಳ್ಳಿ. ಅಲ್ಲಿ ಜೂಮ್‌ಗೆ ಶಟರ್ 1/20 ಸೆಕೆಂಡ್ ತೆರೆದಿರಬೇಕಾದರೆ, ಅದೇ ಐಎಸ್‌ಒನಲ್ಲಿ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟದಲ್ಲಿ) ಪ್ರೈಮ್‌ಗೆ 1/125 ಸೆಕೆಂಡ್ ಸಾಕು. ಕುಂಚ ಹಿಡಿದ ಕೈ ಮೊದಲನೆಯದರಲ್ಲಿ ಕದಡಿಹೋಗುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ. ಫ್ಲ್ಯಾಶ್ ಹಾಕಿದರೆ ಕೈ ನಿಲ್ಲಬಹುದು, ಆದರೆ ಕಿಟಕಿಯಿಂದ ಬಂದು ಮುಖದ ಮೇಲೆ ಬಿದ್ದ ಬೆಳಕು ಚಿತ್ರದಲ್ಲಿ ಉಳಿಯುವುದಿಲ್ಲ.

ಇಟಗಿಯ ವಿಷಯ ಇದಕ್ಕೆ ತೀರ ಬೇರೆ. 1112ರಲ್ಲಿ ಕಟ್ಟಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿರುವ ಆ ಗುಡಿಯ ಒಳಗೆ ಕತ್ತಲಿದೆ ನಿಜ; ಆದರೆ ಕಂಬ ಅಲುಗಾಡುವುದಿಲ್ಲ. ನಿಮ್ಮ 18–55ರ ಮೇಲೆ ವಿಆರ್ ಎಂದು ಬರೆದಿದ್ದರೆ ಅದು ಕೈಯ ನಡುಕವನ್ನು ತಡೆಯುತ್ತದೆ. ಉಸಿರು ಬಿಗಿಹಿಡಿದು, ಮೊಣಕೈಗಳನ್ನು ಮೈಗೆ ಒತ್ತಿಕೊಂಡು ಅಗಲ ನೋಟದಲ್ಲಿ ನಾಲ್ಕಾರು ಚಿತ್ರ ತೆಗೆದರೆ 1/8 ಸೆಕೆಂಡಿನಲ್ಲೂ ಒಂದಾದರೂ ಸ್ಪಷ್ಟವಾಗಿ ಬರುತ್ತದೆ. ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಾದ್ದರಿಂದ ಈ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲದೆ ಎಫ್ 1.8ರಲ್ಲಿ 35ರ ಪ್ರೈಮ್ ಎರಡು ಮೀಟರ್ ದೂರದಲ್ಲಿ ಫೋಕಸ್ ಆದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಗೇಣಿನಷ್ಟು ಮಾತ್ರ. ಮುಂದಿನ ಕಂಬದ ಕೆತ್ತನೆ ಚೆನ್ನಾಗಿ ಕಂಡು ಹಿಂದಿನ ಸಾಲು ಮಸುಕಾಗುತ್ತದೆ. ಇಡೀ ಮಂಟಪವನ್ನು ತೋರಿಸಲು 18 ಮಿ.ಮೀ. ಬೇಕೇ ಬೇಕು, ಅಷ್ಟು ಅಗಲದ ಪ್ರೈಮ್ ನಿಮ್ಮ ಕ್ಯಾಮೆರಾಕ್ಕೆ ಅಗ್ಗದ ದರದಲ್ಲಿ ಸಿಗುವುದಿಲ್ಲ. ಆದ್ದರಿಂದ ಜೂಮನ್ನು ಮಾರಿದರೆ ನೀವು ಮೊದಲು ಕಳೆದುಕೊಳ್ಳುವುದು ಇಟಗಿಯನ್ನೇ.

ಜಾತ್ರೆಗೂ ಜೂಮ್ ಬೇಕು. ತೇರಿನ ಸುತ್ತ ಜನ ಒತ್ತಾಗಿ ನಿಂತಿರುವಾಗ ಎರಡು ಹೆಜ್ಜೆ ಹಿಂದೆ ಸರಿಯಲು ಎಡೆಯಿರುವುದಿಲ್ಲ. ಜೂಮ್ ತಿರುಗಿಸುವುದೊಂದೇ ದಾರಿ. ಧೂಳಿನ ಪ್ರಶ್ನೆಯೂ ಇದೆ. ಜಾತ್ರೆಯ ಬಯಲಿನಲ್ಲಾಗಲಿ, ಅದಿರಿನ ಲಾರಿಗಳು ಓಡಾಡುವ ಸಂಡೂರಿನ ರಸ್ತೆ ಬದಿಯಲ್ಲಾಗಲಿ ಲೆನ್ಸ್ ಕಳಚಿದರೆ ಸೆನ್ಸರ್ ಮೇಲೆ ಕೂತ ಕಣಗಳು ಎಫ್ 11, ಎಫ್ 16ರಲ್ಲಿ ತೆಗೆದ ಆಕಾಶದಲ್ಲೆಲ್ಲ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಎರಡು ಪ್ರೈಮ್‌ಗಳೊಂದಿಗೆ ಹೋದವರು ಮತ್ತೆ ಮತ್ತೆ ಲೆನ್ಸ್ ಬದಲಿಸಲೇಬೇಕಾಗುತ್ತದೆ. ಬದಲಿಸುವುದು ಅನಿವಾರ್ಯವಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಆಫ್ ಮಾಡಿ, ಅದರ ಬಾಯಿ ಕೆಳಮುಖವಾಗಿರುವಂತೆ ಹಿಡಿದು ಬದಲಿಸಿ. ಧೂಳು ತೆಗೆಯಲು ಬಾಯಿಂದ ಊದದೆ ರಬ್ಬರಿನ ಬ್ಲೋವರ್ ಬಳಸಿ. ತೇರು ಎಳೆಯುವ ಹೊತ್ತಿಗೆ ಸಂಜೆ ಬೆಳಕು ಇಳಿದಿರುತ್ತದೆ ಎಂಬುದು ಜೂಮ್‌ಗೆ ನಿಜವಾದ ತೊಡಕು. ಆಗ ಐಎಸ್‌ಒ 3200ಕ್ಕೆ ಏರಿಸಲು ಹಿಂಜರಿಯಬೇಡಿ, ಸ್ವಲ್ಪ ಕಾಳು ಕಾಳಾಗಿ ಬಂದ ಚಿತ್ರವೂ ಅಲುಗಿದ ಚಿತ್ರಕ್ಕಿಂತ ಮೇಲು.

50 ಏಕೆ ಬೇಡ, 35 ಏಕೆ ಎಂದರೆ, ನಿಮ್ಮದು ಚಿಕ್ಕ ಸೆನ್ಸರಿನ ಕ್ಯಾಮೆರಾ ಆದ್ದರಿಂದ 50ರ ನೋಟ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ 75ರಷ್ಟು ಕಿರಿದಾಗುತ್ತದೆ. ನಿಂತ ವ್ಯಕ್ತಿಯನ್ನು ಅಡಿಯಿಂದ ಮುಡಿಯವರೆಗೆ ತೋರಿಸಲು, ಕ್ಯಾಮೆರಾ ಉದ್ದಕ್ಕೆ ಹಿಡಿದರೂ, 50ಕ್ಕೆ ಮೂರೂವರೆ ಮೀಟರಿಗಿಂತ ಹೆಚ್ಚು ದೂರ ಬೇಕು. 35ಕ್ಕೆ ಎರಡೂವರೆ ಮೀಟರ್ ಸಾಕು. ನಮ್ಮ ಮನೆಗಳ ಪಡಸಾಲೆಯಲ್ಲಿ, ಸೀಮಂತಕ್ಕೋ ತೊಟ್ಟಿಲ ಕಾರ್ಯಕ್ಕೋ ಬಂದ ನೆಂಟರ ನಡುವೆ, ಈ ಒಂದು ಮೀಟರ್ ದೊಡ್ಡದು. ಮುಖ, ಎದೆಮಟ್ಟದ ಭಾವಚಿತ್ರಗಳೇ ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ ಮಾತ್ರ 50 ಸರಿಯಾದೀತು. ಅನುಮಾನವಿದ್ದರೆ ಹಣ ಕೊಡುವ ಮೊದಲು ನಿಮ್ಮ ಜೂಮನ್ನೇ ಒಂದು ವಾರ 35ರಲ್ಲಿ, ಇನ್ನೊಂದು ವಾರ 50ರಲ್ಲಿ ಇಟ್ಟು, ತಿರುಗಿಸದಂತೆ ಟೇಪ್ ಅಂಟಿಸಿ ಮನೆಯೊಳಗೆ ಚಿತ್ರ ತೆಗೆದು ನೋಡಿ.

ಎಫ್ 2.8ರ ಜೂಮ್ ಒಳ್ಳೆಯದೇ. ಆದರೆ ಅದು ಅರ್ಧ ಕಿಲೋಗೂ ಹೆಚ್ಚು ತೂಗುತ್ತದೆ, ಎಫ್ 1.8ರ ಅರ್ಧಕ್ಕಿಂತ ಕಡಿಮೆ ಬೆಳಕು ಕೊಡುತ್ತದೆ. 35ರ ಪ್ರೈಮ್ ತೂಗುವುದು ಕೇವಲ 200 ಗ್ರಾಂ. ಹಣ ಪಡೆದು ಮದುವೆಗಳ ಚಿತ್ರ ತೆಗೆಯಲು ಆರಂಭಿಸಿದ ದಿನ ಆ ಎಫ್ 2.8 ಜೂಮನ್ನು ಕೊಳ್ಳಿ. ದರೋಜಿ ಕರಡಿಧಾಮದ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ತೆಗೆಯುವ ಆಸೆ ಹುಟ್ಟಿದರೆ ಇವು ಯಾವುವೂ ಸಾಲುವುದಿಲ್ಲ. 70–300ರಂಥ ಜೂಮ್ ಬೇಕಾಗುತ್ತದೆ.

ಕೊಳ್ಳುವಾಗ ಒಂದು ಎಚ್ಚರಿಕೆ ಮುಖ್ಯ. ಡಿ5600ರ ಒಳಗೆ ಫೋಕಸ್ ಮೋಟರ್ ಇಲ್ಲ. ಆದ್ದರಿಂದ ಹೆಸರಿನಲ್ಲಿ ಎಎಫ್-ಎಸ್ (ಮೋಟರ್ ಲೆನ್ಸಿನಲ್ಲೇ ಇದೆ ಎಂದರ್ಥ) ಎಂದಿರುವ 35 ಮಿ.ಮೀ. ಎಫ್ 1.8 ಜಿ ಡಿಎಕ್ಸ್ ಲೆನ್ಸನ್ನೇ ಕೇಳಿ. ಹಳೆಯ 'ಡಿ' ಮಾದರಿಯ ಲೆನ್ಸ್ ಅಗ್ಗವೆಂದು ತಂದರೆ ಪ್ರತಿ ಬಾರಿಯೂ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಗಾಜಿನ ಒಳಗೆ ಜೇಡರ ಬಲೆಯಂಥ ಫಂಗಸ್ ಎಳೆಗಳಿವೆಯೇ ನೋಡಿ. ಇದ್ದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ.