ಬೋರ್ಡ್ ನೋಡಿ ಬರೆಯುವಾಗ ಮಾತ್ರ: ನಾಲ್ಕನೇ ತರಗತಿಯ ಹುಡುಗನ ಪ್ರಕರಣ

(ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಹುಡುಗನನ್ನು ಮನು ಎಂದು ಕರೆಯೋಣ. ವಯಸ್ಸು 9. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಮನೆಮಾತು ತೆಲುಗು. ಅಪ್ಪ ಅಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ತರಗತಿಯ ಶಿಕ್ಷಕಿ ನಮಗೆ ಕಳಿಸಿದ ಚೀಟಿಯಲ್ಲಿ ಇದ್ದದ್ದು ಇಷ್ಟು: “ತುಂಬಾ ಹಠ. ಗಮನ ಇಲ್ಲವೇ ಇಲ್ಲ. ಪಕ್ಕದವರಿಗೆ ಹೊಡೆಯುತ್ತಾನೆ. ಬರೆಯೋದಂದ್ರೆ ಆಗಲ್ಲ. ಎಡಿಎಚ್‌ಡಿ ಇರಬಹುದಾ ನೋಡಿ.” (ಎಡಿಎಚ್‌ಡಿ ಎಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ.)

ಐದು ವಾಕ್ಯಗಳಲ್ಲಿ ಕಣ್ಣಿಗೆ ಕಾಣುವ ಕೆಲಸ ಒಂದೇ, ಹೊಡೆಯುವುದು. ಉಳಿದದ್ದೆಲ್ಲ ನೋಡಿದ್ದರ ಮೇಲೆ ಕಟ್ಟಿದ ತೀರ್ಮಾನ. ‘ಹಠ’ಕ್ಕೆ ಸಲಹೆ ಕೊಡಲು ಬರುವುದಿಲ್ಲ. ಯಾವ ಪಾಠದಲ್ಲಿ, ಎಷ್ಟು ಹೊತ್ತಿಗೆ, ಯಾರ ಯಾವ ಮಾತಾದ ಮೇಲೆ ಹೊಡೆದ ಎಂದು ಗೊತ್ತಾದರೆ ಕೈಹಾಕಲು ಒಂದು ಜಾಗ ಸಿಗುತ್ತದೆ. ಅದಕ್ಕೇ ಮೊದಲ ಭೇಟಿಯಲ್ಲಿ ಶಿಕ್ಷಕಿಗೆ ಯಾವ ಉಪಾಯವನ್ನೂ ಹೇಳಲಿಲ್ಲ. ಹತ್ತು ಶಾಲಾ ದಿನ ಬರೆದಿಡಿ ಎಂದು ಕೇಳಿಕೊಂಡೆವು.

ನೋಟ್‌ಬುಕ್ಕಿನ ಪುಟಕ್ಕೆ ನಾಲ್ಕು ಕಾಲಂ: ಸಮಯ ಮತ್ತು ಪಾಠ, ಅದಕ್ಕೆ ಮುಂಚೆ ಏನಾಯಿತು, ಹುಡುಗ ಏನು ಮಾಡಿದ, ಆಮೇಲೆ ಸುತ್ತಲಿದ್ದವರು ಏನು ಮಾಡಿದರು. ಕಿಟಕಿಯಾಚೆ ನಿಂತ ಅಪರಿಚಿತರಿಗೂ ಕಾಣುವಂಥದ್ದನ್ನು ಮಾತ್ರ ಬರೆಯಬೇಕು. “ಬೇಕಂತಲೇ ಗಲಾಟೆ ಮಾಡಿದ” ಎಂದರೆ ಆಗದು, “ಡೆಸ್ಕಿಗೆ ಸ್ಕೇಲಿನಿಂದ ಎಂಟು ಹತ್ತು ಸಲ ಬಡಿದ” ಎಂದರೆ ಆದೀತು. ನಾಲ್ಕು, ಐದು ಎರಡೂ ತರಗತಿ ಒಟ್ಟಿಗಿರುವ ಕೋಣೆಯಲ್ಲಿ ಪಾಠ ನಿಲ್ಲಿಸಿ ಬರೆಯುತ್ತ ಕೂರಲಾಗುವುದಿಲ್ಲ. ಹಾಗಾಗಿ ಶಿಕ್ಷಕಿ ಮೇಜಿನ ಮೇಲೆ ಎರಡು ಲೋಟ ಇಟ್ಟುಕೊಂಡರು. ಒಂದೊಂದು ಘಟನೆಗೂ ಒಂದು ಹುಣಸೆಬೀಜ ಈ ಲೋಟದಿಂದ ಆ ಲೋಟಕ್ಕೆ. ವಿವರವನ್ನು ಬಿಡುವಿನಲ್ಲಿ, ತಪ್ಪಿದರೆ ಬಿಸಿಯೂಟದ ಹೊತ್ತಿಗೆ ಬರೆದು ಮುಗಿಸಬೇಕು. ಸಂಜೆ ಮನೆಯಲ್ಲಿ ಕೂತು ನೆನಪಿನಿಂದ ಬರೆದರೆ ದೊಡ್ಡ ಜಗಳ ಮಾತ್ರ ಉಳಿದು, ಅವನು ಅರ್ಧ ಗಂಟೆ ತನ್ನ ಪಾಡಿಗೆ ಕೆಲಸ ಮಾಡಿದ್ದು ಮರೆತೇ ಹೋಗುತ್ತದೆ.

ಇದರ ಜೊತೆಗೆ ದಿನಕ್ಕೊಂದು ಇಪ್ಪತ್ತು ನಿಮಿಷದ ದಾಖಲೆ. ಎರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿ, ಆ ಕ್ಷಣದಲ್ಲಿ ಹೇಳಿದ ಕೆಲಸ ಮಾಡುತ್ತಿದ್ದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ. ಅದೇ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಮನುವಿನ ನಂತರದ ಹೆಸರಿನ ಹುಡುಗನಿಗೂ ಗುರುತು. ಅಳತೆಗೆ ಇನ್ನೊಂದು ಮಗು ಇಲ್ಲದೆ ‘ಗಮನ ಕಡಿಮೆ’ ಎನ್ನುವಂತಿಲ್ಲ. ಎಷ್ಟೋ ಸಲ ಆ ಹೊತ್ತಿಗೆ ಇಡೀ ತರಗತಿಯೇ ಬೇರೆ ಕಡೆ ನೋಡುತ್ತಿರುತ್ತದೆ!

ಹತ್ತು ದಿನಕ್ಕೆ 27 ಘಟನೆ. ಅದರಲ್ಲಿ 21 ನಡೆದದ್ದು ಬೋರ್ಡ್ ನೋಡಿ ಬರೆದುಕೊಳ್ಳುವಾಗ ಅಥವಾ ಕನ್ನಡ ಪಾಠವನ್ನು ಗಟ್ಟಿಯಾಗಿ ಓದುವಾಗ. ಬಾಯಿಲೆಕ್ಕದ ಹೊತ್ತಿಗೆ ಒಂದೂ ಇಲ್ಲ. ಇಪ್ಪತ್ತು ನಿಮಿಷದ ದಾಖಲೆಯೂ ಇದನ್ನೇ ಹೇಳಿತು. ಬರೆಯುವಾಗ ಹತ್ತರಲ್ಲಿ 3 ಸಲ ಕೆಲಸದಲ್ಲಿದ್ದ (ಇನ್ನೊಬ್ಬ ಹುಡುಗ 8), ಬಾಯಿಲೆಕ್ಕದಲ್ಲಿ ಹತ್ತಕ್ಕೆ 9 (ಇನ್ನೊಬ್ಬ 8). ಒಂದು ಸಾಲು ಹೀಗಿದೆ:

“11.40, ಕನ್ನಡ. ಬೋರ್ಡ್ ಮೇಲೆ ಆರು ಸಾಲು, ‘ಬರ್ಕೊಳ್ಳಿ’ ಅಂದೆ. ಎರಡು ಪದ ಬರೆದ, ಪೆನ್ಸಿಲ್ ಕೆಳಗೆ ಹಾಕಿದ, ಮುಂದಿನವನ ಬೆನ್ನಿಗೆ ಸ್ಕೇಲಿನಿಂದ ತಿವಿದ. ಎದ್ದು ಹೊರಗೆ ನಿಂತ್ಕೋ ಅಂದೆ. ಪಿರಿಯಡ್ ಮುಗಿಯೋ ತನಕ ಹೊರಗೆ.”

ನಾಲ್ಕನೇ ಕಾಲಂ ಓದಿದಾಗ ಶಿಕ್ಷಕಿಯೇ ಮೊದಲು ಗುರುತಿಸಿದರು: 21ರಲ್ಲಿ 15 ಸಲ ಕೊನೆಗೆ ಆದದ್ದು “ಹೊರಗೆ ನಿಲ್ಲು” ಅಥವಾ “ಹೋಗಿ ನೀರು ತಾ”. ಎರಡರಲ್ಲೂ ಬರವಣಿಗೆ ಅಲ್ಲಿಗೇ ನಿಂತಿತು. ಅವರು ಶಿಕ್ಷೆ ಎಂದುಕೊಂಡದ್ದು ಹುಡುಗನ ಪಾಲಿಗೆ ಬಿಡುಗಡೆಯಾಗಿತ್ತು. ಅವನು ಲೆಕ್ಕ ಹಾಕಿ ಹೀಗೆ ಮಾಡುತ್ತಿದ್ದ ಎಂದಲ್ಲ. ಬೆಂಕಿಯಿಂದ ಕೈ ಹಿಂದೆಳೆದುಕೊಳ್ಳುವುದನ್ನು ಯಾರೂ ಯೋಚಿಸಿ ಮಾಡುವುದಿಲ್ಲವಲ್ಲ.

ಹಾಗಾದರೆ ಬರೆಯುವುದರಲ್ಲಿ ಅಂಥ ಉರಿ ಏನಿದೆ? ಮೊದಲು ಕಣ್ಣು, ಕಿವಿ. ಇವನ್ನು ನೋಡದೆ ಮುಂದಕ್ಕೆ ಹೋಗಲೇಬಾರದು. ದೃಷ್ಟಿ ಪರೀಕ್ಷೆಯ ಚಾರ್ಟನ್ನು 6 ಮೀಟರ್ ದೂರದಿಂದ, ಒಂದೊಂದು ಕಣ್ಣು ಮುಚ್ಚಿ ಓದಿಸಲಾಯಿತು. ಬೆನ್ನ ಹಿಂದೆ ಎರಡು ಅಡಿ ದೂರದಲ್ಲಿ ನಿಂತು ಪಿಸುದನಿಯಲ್ಲಿ ತೆಲುಗು ಪದಗಳನ್ನು ಹೇಳಿ, ತಿರುಗಿ ಹೇಳಿಸಲಾಯಿತು. ಗೊತ್ತಿಲ್ಲದ ಭಾಷೆಯ ಪದ ಕೊಟ್ಟರೆ ಕಿವಿಯ ತೊಂದರೆಯೋ ಭಾಷೆಯದೋ ತಿಳಿಯುವುದಿಲ್ಲ. ಕಿವಿ ಸೋರುತ್ತದೆಯೇ ಎಂದು ಅಮ್ಮನನ್ನೂ ಕೇಳಿದೆವು. ಎರಡೂ ಸರಿಯಿದ್ದವು. ಅನುಮಾನ ಬಂದಿದ್ದರೆ ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯರ ತಂಡಕ್ಕೆ ಅಂದೇ ತೋರಿಸಬೇಕಿತ್ತು.

ಆಮೇಲೆ ಓದು. ಬಿಡಿ ಅಕ್ಷರ, ಕಾಗುಣಿತ ಬರುತ್ತದೆ. ಒತ್ತಕ್ಷರ ಬಂದ ಕೂಡಲೇ ಊಹೆ. ಬೋರ್ಡಿನ ಒಂದು ಸಾಲು ಬರೆಯಲು 19 ಸಲ ತಲೆಯೆತ್ತಿದ. ಸರಾಗ ಓದುವ ಮಗು ಒಂದು ನೋಟಕ್ಕೆ ಎರಡು ಮೂರು ಪದ ಹೊತ್ತು ತರುತ್ತದೆ. ಇವನು ತರುವುದು ಒಂದು ಅಕ್ಷರ. ಮತ್ತೆ ತಲೆಯೆತ್ತುವಷ್ಟರಲ್ಲಿ ಬೋರ್ಡಿನಲ್ಲಿ ಜಾಗ ತಪ್ಪಿರುತ್ತದೆ.

ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಬಿದ್ದ ಪದಗಳೂ ಒಂದು ಸಂಗತಿ ಹೇಳಿದವು: ಹಾಲಿಗೆ ‘ಪಾಲು’, ಹುಲಿಗೆ ‘ಪುಲಿ’, ಹೂವಿಗೆ ‘ಪುವ್ವು’. ಅಕ್ಷರ ಗೊತ್ತಿಲ್ಲದ ತಪ್ಪಲ್ಲ ಇದು. ಮನೆಯ ಮಾತನ್ನು ಸರಿಯಾಗಿ ಕೇಳಿಸಿಕೊಂಡು, ಕನ್ನಡ ಅಕ್ಷರದಲ್ಲಿ ಸರಿಯಾಗಿಯೇ ಬರೆದಿದ್ದಾನೆ. (ಹಳಗನ್ನಡದಲ್ಲೂ ಪಾಲ್, ಪುಲಿಯೇ.) ಗಡಿ ಭಾಗದ ಶಾಲೆಗಳಲ್ಲಿ ಇಂಥ ಬರಹವನ್ನು ದಡ್ಡತನ ಎಂದು ಎಣಿಸುವುದು ನಿಲ್ಲಬೇಕು.

ಮೂರನೇ ತರಗತಿಯವರೆಗೆ ನಲಿಕಲಿ ಎಂಬ ಚಟುವಟಿಕೆ ಪದ್ಧತಿಯಲ್ಲಿ ನೆಲದ ಮೇಲೆ ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ತನ್ನ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತಿದವನು ಇವನು. ನಾಲ್ಕಕ್ಕೆ ಬಂದ ತಕ್ಷಣ ಬೆಂಚು, ಬೋರ್ಡು, ಎಲ್ಲರಿಗೂ ಒಂದೇ ಪುಟ. ಮೆಟ್ಟಿಲು ಎಲ್ಲಿ ನಿಂತಿತ್ತು ಎಂದು ಯಾರೂ ಕೇಳಿರಲಿಲ್ಲ.

ಇನ್ನೊಂದು ಅಂಶ ಸಿಕ್ಕಿದ್ದು ತಾರೀಖಿನಿಂದ. 27ರಲ್ಲಿ 18 ಘಟನೆ ಕೊನೆಯ ಐದು ದಿನದವು. ಕೇಳಿದಾಗ ಅಮ್ಮ, “ನಾಲ್ಕನೇ ಜ್ವರ ಎದ್ದಿತ್ತು ಮೇಡಂ. ಹಣ್ಣಾಗೋ ತನಕ ನಮ್ಮನೇಲಿ ಯಾರಿಗೂ ನಿದ್ದೆ ಇಲ್ಲ” ಎಂದರು. ಜ್ವರ ಎಂದರೆ ರೇಷ್ಮೆಹುಳು ಪೊರೆ ಕಳಚುವ ಹಂತ, ಹಣ್ಣಾಗುವುದೆಂದರೆ ಗೂಡು ಕಟ್ಟಲು ಸಿದ್ಧವಾಗುವುದು. ಹುಳು ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ತಿನ್ನುವುದು ಈ ಕಡೆಯ 7–8 ದಿನದಲ್ಲಿ. ಮನು ರಾತ್ರಿ ಹತ್ತೂವರೆವರೆಗೆ ಸೊಪ್ಪು ಹಾಕಿ, ಬೆಳಗ್ಗೆ ಐದಕ್ಕೆ ಮತ್ತೆ ಏಳುತ್ತಿದ್ದ. ನಿದ್ದೆಗೇಡಿನಿಂದ ಓದು ಕಷ್ಟವಾಯಿತು ಎನ್ನಲಾಗದು, ಒತ್ತಕ್ಷರದ ತೊಂದರೆ ಮೊದಲೇ ಇತ್ತು. ಆದರೆ ಇದ್ದ ಕಷ್ಟವನ್ನು ತಡೆದುಕೊಳ್ಳುವ ತಾಳ್ಮೆಯನ್ನು ಅದು ತಿಂದುಹಾಕಿತ್ತು.

ಎಡಿಎಚ್‌ಡಿಯ ಪ್ರಶ್ನೆಗೆ ಶಿಕ್ಷಕಿಗೆ ಕೊಟ್ಟ ಉತ್ತರ: ಆ ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ, ಶಾಲೆ, ಮನೆ ಹೀಗೆ ಎರಡು ಕಡೆಯಾದರೂ ಕಾಣಿಸಬೇಕು. ಇವನಲ್ಲಿ ಒಂದೇ ಕೋಣೆಯೊಳಗೆ ಪಾಠ ಬದಲಾದರೆ ನಡವಳಿಕೆ ಬದಲಾಗುತ್ತದೆ. ಈಗಲೇ ಆ ಹೆಸರು ಬೇಡ. ಕಲಿಕಾ ನ್ಯೂನತೆಯ ಮಾತೂ, ಮೂರು ತಿಂಗಳು ಸರಿಯಾಗಿ ಕಲಿಸಿ ನೋಡಿದ ಮೇಲೆ. ಆಗಲೂ ಒತ್ತಕ್ಷರ ಕದಲದಿದ್ದರೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಯನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕರೆಸಿ, ಈ ದಾಖಲೆಯನ್ನೇ ಅವರ ಕೈಗೆ ಕೊಡಬೇಕು.

ತರಗತಿಗೆ ಕೊಟ್ಟ ಸಲಹೆ. ಬೋರ್ಡಿನ ಆರು ಸಾಲಿನ ಬದಲು ಮನುವಿನ ಡೆಸ್ಕಿನ ಮೇಲೆಯೇ ಎರಡು ಸಾಲಿನ ಚೀಟಿ, ಅಕ್ಷರ ದಪ್ಪಗೆ. ವಾರಕ್ಕೊಂದು ಸಾಲು ಹೆಚ್ಚಿಸುವುದು, ಎರಡು ದಿನ ಸತತ ತಡವರಿಸಿದರೆ ಒಂದು ಸಾಲು ಇಳಿಸುವುದು. ಒಬ್ಬನಿಗೇ ಕೊಟ್ಟರೆ ಉಳಿದವರು ಆಡಿಕೊಳ್ಳುತ್ತಾರೆ, ಹಾಗಾಗಿ ಇನ್ನೂ ಮೂವರಿಗೆ ಅದೇ ಚೀಟಿ. (ಹುಡುಕಿದರೆ ಬೇಕಾದವರು ಸಿಕ್ಕೇ ಸಿಗುತ್ತಾರೆ.) ಬರೆಯಲು ಶುರು ಮಾಡಿದ ಮೊದಲ ಎರಡು ನಿಮಿಷದೊಳಗೆ ಶಿಕ್ಷಕಿ ಹತ್ತಿರ ಹೋಗಿ, ಕಂಡದ್ದನ್ನು ಮೆಲ್ಲಗೆ ಹೇಳಬೇಕು: “‘ಹಣ್ಣು’ ಬರೆದಿದೀಯ, ಒತ್ತು ಸರಿಯಾಗಿದೆ.” ಸಂಜೆ ಕೊಡುವ ಸ್ಟಾರ್ ಈ ಮಗುವಿಗೆ ತೀರಾ ತಡ.

ದಿನಕ್ಕೆ 15 ನಿಮಿಷ ಓದು, ಹಳೆಯ ನಲಿಕಲಿ ಕಾರ್ಡುಗಳನ್ನು ಹೊರತೆಗೆದು. ಅಕ್ಕ, ಅಪ್ಪ, ಅಜ್ಜಿ, ಹಣ್ಣು ಇಂಥ ಸಜಾತೀಯ ಒತ್ತು ಮೊದಲು, ಪುಸ್ತಕ, ರಸ್ತೆಯಂಥ ವಿಜಾತೀಯ ಆಮೇಲೆ, ಸೂರ್ಯನ ಅರ್ಕಾವತ್ತು ಕಡೆಗೆ. ಬರೆಯುವುದು ಒಂದು ಕಡೆ, ಉಚ್ಚರಿಸುವುದು ಇನ್ನೊಂದು ಕಡೆಯಾದ್ದರಿಂದ ಅದು ಮಕ್ಕಳನ್ನು ಹೆಚ್ಚು ದಿನ ಕಾಡುತ್ತದೆ. ದಿನಕ್ಕೆ ಐದೇ ಪದ, ಮೂರು ಹಳೆಯವು, ಎರಡು ಹೊಸವು. ಮನೆಯ ಪದ, ಶಾಲೆಯ ಪದ ಎಂದು ಎರಡು ಕಾಲಂ ಮಾಡಿ ಪಾಲು–ಹಾಲು, ಪುಲಿ–ಹುಲಿ ಎದುರುಬದುರು ಬರೆಸುವುದು.

‘ಹೊರಗೆ ನಿಲ್ಲು’ ಸಂಪೂರ್ಣ ಬಂದ್. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಎಂದು ಮುಖ್ಯ ಶಿಕ್ಷಕರಿಗೂ ನೆನಪಿಸಿದೆವು. ಅದರ ಬದಲಿಗೆ ಬಿಡುವಿನ ಚೀಟಿ: ಪಿರಿಯಡ್‌ಗೆ ಎರಡು, ಒಂದೊಂದಕ್ಕೆ ಮೂರು ನಿಮಿಷ. ಸಾಕಾದಾಗ ಚೀಟಿ ಮೇಜಿನ ಮೇಲಿಟ್ಟು, ನೀರು ಕುಡಿದು ಬರಬಹುದು. ಬಿಡುಗಡೆ ಬೇಕೆಂದರೆ ಹೊಡೆಯದೆಯೂ ಸಿಗುತ್ತದೆ ಎಂದು ಅವನಿಗೆ ತಿಳಿಯುವುದು ಹೀಗೆ.

ಎರಡನೇ ವಾರ ಇದೇ ಕೈಕೊಟ್ಟಿತು. ಹೊಡೆದ ಮೇಲೆ ಸಮಾಧಾನ ಮಾಡಲು ಶಿಕ್ಷಕಿ ಚೀಟಿಯನ್ನು ತಾವೇ ಅವನ ಕೈಗಿಡುತ್ತಿದ್ದರು, ಹೊಡೆತ ಜಾಸ್ತಿಯಾಯಿತು. ತಿದ್ದಿದ ಕ್ರಮ ಹೀಗೆ: ಹೊಡೆದರೆ ಮೊದಲು ಪೆಟ್ಟು ತಿಂದ ಮಗುವಿನ ಕಡೆ ಗಮನ, ಮನುವಿಗೆ ಭಾಷಣ ಇಲ್ಲ, ಕೆಲಸವನ್ನು ಒಂದೇ ಪದಕ್ಕೆ ಇಳಿಸಿ ಅದನ್ನು ಮುಗಿಸಿದ ಮೇಲಷ್ಟೇ ಚೀಟಿ. ಹಳೆಯ ದಾರಿ ಮುಚ್ಚಿದಾಗ ಮಕ್ಕಳು ಅದನ್ನೇ ಇನ್ನಷ್ಟು ಜೋರಾಗಿ ತಟ್ಟಿ ನೋಡುತ್ತಾರೆ, ಮೊದಲ ಒಂದು ವಾರ ಹೆಚ್ಚಾದರೆ ಬಿಟ್ಟುಕೊಡಬೇಡಿ ಎಂದೂ ಹೇಳಿದೆವು.

ಮನೆಗೆ ಕೇಳಿದ್ದು ಒಂದೇ. ಕಡೆಯ ಎಂಟು ದಿನವೂ ಒಂಬತ್ತಕ್ಕೆ ಮಲಗಲಿ, ಬೆಳಗಿನ ಸೊಪ್ಪಿನಿಂದ ಅವನನ್ನು ಬಿಡಿ, ಹಾಸಿಗೆ ಹುಳುಮನೆಯಿಂದ ದೂರ ಇರಲಿ. ಸಂಜೆ ಒಂದು ಹೊರೆ ಸೊಪ್ಪು ತರುವುದಕ್ಕೆ ಅಡ್ಡಿಯಿಲ್ಲ, ಅದು ಅವನಿಗೆ ಹೆಮ್ಮೆಯ ಕೆಲಸ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ರಾತ್ರಿ ಸೊಪ್ಪಿಗೆ ನನ್ನ ತಮ್ಮನನ್ನು ಕರೆಯುತ್ತೇನೆ ಎಂದರು.

ಎಂಟು ವಾರದ ಹೊತ್ತಿಗೆ ಲೋಟದಲ್ಲಿ ವಾರಕ್ಕೆ ಎರಡು ಮೂರು ಬೀಜ. ಚೀಟಿಯಿಂದ ನಾಲ್ಕು ಸಾಲು ಬರೆಯುತ್ತಾನೆ, ಬೋರ್ಡಿನಿಂದ ಒಂದು. ಸಜಾತೀಯ ಒತ್ತು ಬಂದಿದೆ, ವಿಜಾತೀಯದಲ್ಲಿ ಅರ್ಧಕ್ಕರ್ಧ ತಪ್ಪುತ್ತಾನೆ. ಬಿಐಇಆರ್‌ಟಿಯನ್ನು ಕರೆಸಬೇಕೇ ಎಂಬುದು ಇನ್ನು ನಾಲ್ಕು ವಾರದ ಓದು ನೋಡಿದ ಮೇಲೆ. ಮುಂದಿನ ಬೆಳೆಗೆ ಚಾಕಿ ಹುಳು (ಎಳೆಯ ಹುಳು) ತರುವ ದಿನವನ್ನು ಅಮ್ಮ ಶಾಲೆಗೆ ಹೇಳಿ ಕಳಿಸಿದ್ದಾರೆ. ಅಲ್ಲಿಂದ ಎಣಿಸಿ, ಕಡೆಯ ಎಂಟು ದಿನಗಳ ಪುಟಕ್ಕೆ ಶಿಕ್ಷಕಿ ಈಗಲೇ ಪೆನ್ಸಿಲ್ ಗುರುತು ಹಾಕಿಟ್ಟಿದ್ದಾರೆ.