ಎರಡನೇ ಬ್ಯಾಟರಿ ಬ್ಯಾಂಕ್ ಸೇರಿಸಿದ ಮೇಲೆ ಬ್ಯಾಟರಿ ಮಾನಿಟರ್ ಆಗಾಗ ಟೈಮ್‌ಔಟ್ (ಕಾಯುವ ಸಮಯ ಮುಗಿದರೂ ಉತ್ತರವಿಲ್ಲ): ಬಾಡ್ ರೇಟ್ 9600ರಿಂದ 2400ಕ್ಕೆ ಇಳಿಸಲೇ, ಲೈನನ್ನು ಕಂಪ್ಯೂಟರಿನ ಯುಎಸ್‌ಬಿಗೆ ಸೇರಿಸುವ ಹೊಸ ಕನ್ವರ್ಟರ್ ತರಲೇ?

ಬಾಡ್ ರೇಟ್, ಅಂದರೆ ಲೈನಿನಲ್ಲಿ ಡೇಟಾ ಹರಿಯುವ ವೇಗ, ಅದನ್ನು ಮುಟ್ಟಬೇಡಿ ಸ್ವಾಮಿ. ನಿಮ್ಮ ವೇಮಗಲ್‌ನ ಯುಪಿಎಸ್ ರೂಮಿನ ವಿಷಯ ಓದುತ್ತಿದ್ದಂತೆ, ತುಮಕೂರಿನ ವಸಂತನರಸಾಪುರದಲ್ಲಿ ನಾನು ಮಾಡಿದ ಎಡವಟ್ಟೇ ಕಣ್ಮುಂದೆ ಬಂತು. ಬಾಡ್ ರೇಟ್ ತಪ್ಪಿದ್ದರೆ ಒಂದು ರೀಡಿಂಗೂ ಬರುತ್ತಿರಲಿಲ್ಲ. ಬಂದು ಬಂದು ಹೋಗುತ್ತಿದೆ, ಅದೂ ಎರಡನೇ ಮಾನಿಟರ್ ಕಟ್ಟಿದ ಮೇಲೆ ಎಂದರೆ ಮೊದಲು ಅನುಮಾನ ಪಡಬೇಕಾದ್ದು ಅಡ್ರೆಸ್ ಮೇಲೆ, ಅಂದರೆ ಕಂಪ್ಯೂಟರ್ ಒಂದೊಂದು ಮಾನಿಟರನ್ನೂ ಕರೆಯುವ ನಂಬರ್ ಮೇಲೆ.

ಹೊಸ ಮಾನಿಟರನ್ನು ಡಬ್ಬಿಯಿಂದ ತೆಗೆದು ನೇರವಾಗಿ ಲೈನಿಗೆ ಕಟ್ಟಿಬಿಟ್ಟಿದ್ದೆ. ಅದರ ಅಡ್ರೆಸ್ 1, ಹಳೆಯದರದ್ದೂ 1. ಕಂಪ್ಯೂಟರ್ ಒಂದನೇ ನಂಬರನ್ನು ಕೇಳಿದಾಗಲೆಲ್ಲ ಎರಡೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದವು. ಹಾಗಾದರೆ ಪೂರ್ತಿ ಕೆಡಬೇಕಿತ್ತಲ್ಲ ಅನ್ನಬಹುದು. ಕೆಡಲಿಲ್ಲ, ಕೆಟ್ಟದ್ದು ಅದೇ. ಎರಡು ಬ್ಯಾಂಕೂ ಪ್ಯಾರಲಲ್, ಒಂದೊಂದರಲ್ಲೂ ಸಾಲಾಗಿ 12 ವೋಲ್ಟಿನ 30 ಬ್ಯಾಟರಿ. ಫ್ಲೋಟ್‌ನಲ್ಲಿ (ತುಂಬಿದ ಬ್ಯಾಟರಿಯನ್ನು ಚಾರ್ಜರ್ ಹಾಗೇ ಹಿಡಿದಿಟ್ಟಾಗ) ತಲಾ 13.5, ಒಟ್ಟು 405 ವೋಲ್ಟ್. ಒಟ್ಟು ವೋಲ್ಟೇಜ್ ಕೇಳಿದಾಗ ಇಬ್ಬರದ್ದೂ ಒಂದೇ ಉತ್ತರ. ಬಿಟ್‌ಗೆ ಬಿಟ್ ಕೂಡಿಕೊಂಡು ಒಮ್ಮೊಮ್ಮೆ ಸಿಆರ್‌ಸಿ (ಉತ್ತರ ಕೆಡದೆ ಬಂದಿದೆಯೇ ಎಂದು ನೋಡುವ ಲೆಕ್ಕ) ಪಾಸ್ ಆಗಿಬಿಡುತ್ತಿತ್ತು. ಬಿಡಿ ಬ್ಯಾಟರಿಗಳದ್ದು ಕೇಳಿದಾಗ ಮಾತ್ರ ಉತ್ತರ ಬೇರೆ ಬೇರೆ, ಲೈನಿನಲ್ಲೇ ಗುದ್ದಾಟ, ಸಿಆರ್‌ಸಿ ತಪ್ಪು. ಸಾಫ್ಟ್‌ವೇರ್‌ನಲ್ಲಿ ‘ಕೊನೆಯ ರೀಡಿಂಗ್ ಉಳಿಸಿಕೋ’ ಅನ್ನುವುದಕ್ಕೆ ಟಿಕ್ ಇತ್ತು. ಹೀಗಾಗಿ ಒಂದು ಸೆಲ್ ಶಾರ್ಟ್ ಆಗಿ 11.3ಕ್ಕೆ ಇಳಿದಿದ್ದ ಬ್ಯಾಟರಿ ಪರದೆ ಮೇಲೆ 13.5 ಅಂತಲೇ ಕೂತಿತ್ತು. ಒಟ್ಟು ವೋಲ್ಟೇಜ್ ನೋಡಿ ಗೊತ್ತಾಗುತ್ತದಾ? ಇಲ್ಲ. ಚಾರ್ಜರ್ 405 ಹಿಡಿದೇ ಇಡುತ್ತದೆ, ಉಳಿದ 29 ಬ್ಯಾಟರಿ ಸುಮಾರು 13.58ಕ್ಕೆ ಏರಿ ಲೆಕ್ಕ ಸರಿ ಮಾಡುತ್ತವೆ. ಕರೆಂಟ್ ಹೋದ ದಿನ ಆ ಬ್ಯಾಂಕ್ ಅರ್ಧದಲ್ಲೇ ಕೈಕೊಟ್ಟು ಹೊರೆಯೆಲ್ಲ ಇನ್ನೊಂದರ ಮೇಲೆ ಬಿತ್ತು.

ಈಗ ನೀವು ಮಾಡಬೇಕಾದ್ದು. ಹಳೆಯ ಮಾನಿಟರ್‌ನ ಆರ್‌ಎಸ್-485 (ಎಲ್ಲ ಮಾನಿಟರ್ ಸೇರುವ ಡೇಟಾ ಲೈನ್) ಕನೆಕ್ಟರ್ ಕಿತ್ತು, ಹೊಸದೊಂದನ್ನೇ ಲೈನಿನಲ್ಲಿ ಬಿಡಿ. ಅಡ್ರೆಸ್ 1ರಲ್ಲಿ ಅದನ್ನು ಓದಿ, ಅದರ ಸೆಟ್ಟಿಂಗಿನಲ್ಲಿ ಅಡ್ರೆಸ್ 2 ಎಂದು ಬರೆಯಿರಿ. ಅನೇಕ ಮಾನಿಟರ್‌ಗಳು ಪವರ್ ಆಫ್ ಮಾಡಿ ಆನ್ ಮಾಡುವವರೆಗೆ ಹಳೆಯ ಅಡ್ರೆಸ್ಸಿನಲ್ಲೇ ಇರುತ್ತವೆ, ಆದ್ದರಿಂದ ಅದನ್ನೂ ಮಾಡಿ. ಆಮೇಲೆ 2ಕ್ಕೆ ಉತ್ತರ ಬರಬೇಕು, 1ಕ್ಕೆ ಬರಬಾರದು. ಈ ‘ಬರಬಾರದು’ ಅನ್ನುವುದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಮಾನಿಟರ್ ಮೈಮೇಲೆ ಅಡ್ರೆಸ್ ಬರೆದು ಅಂಟಿಸಿ, ನಂತರ ಹಳೆಯದನ್ನು ಸೇರಿಸಿ. ಅಡ್ರೆಸ್ ಬದಲಿಸುವಾಗಲೇ ಬಾಡ್, ಪ್ಯಾರಿಟಿ ಎಲ್ಲ ಬದಲಿಸಬೇಡಿ. ಉತ್ತರ ನಿಂತರೆ ಯಾವುದರಿಂದ ನಿಂತಿತು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

2400 ಯಾಕೆ ಬೇಡ ಎಂದರೆ, ಮಾಡ್‌ಬಸ್‌ನಲ್ಲಿ (ಕಂಪ್ಯೂಟರ್, ಮಾನಿಟರ್ ಮಾತಾಡಿಕೊಳ್ಳುವ ಭಾಷೆ) 30 ರೀಡಿಂಗ್ ಒಟ್ಟಿಗೆ ಕೇಳಿದರೆ ಉತ್ತರ 65 ಬೈಟ್. 9600ರಲ್ಲಿ, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಇದ್ದರೆ (ಸ್ಟಾರ್ಟ್ ಬಿಟ್ ಸೇರಿ ಬೈಟಿಗೆ 10 ಬಿಟ್), ಅದು ಬಂದು ಮುಗಿಯಲು ಸುಮಾರು 68 ಮಿಲಿಸೆಕೆಂಡ್. 2400ರಲ್ಲಿ 270. ಟೈಮ್‌ಔಟ್ 200ಕ್ಕೆ ಇಟ್ಟಿದ್ದರೆ ಬಾಡ್ ಇಳಿಸಿ ನೀವೇ ಹೊಸ ಟೈಮ್‌ಔಟ್ ಹುಟ್ಟಿಸಿದಂತೆ. 9600 ಇರಲಿ, ಟೈಮ್‌ಔಟ್ 500 ಇಡಿ. ಆ ‘ಕೊನೆಯ ರೀಡಿಂಗ್’ ಟಿಕ್ ತೆಗೆಯಿರಿ. ಸಂಪರ್ಕ ಕಡಿದರೆ ಪರದೆ ಖಾಲಿ ಕಾಣಲಿ, ಅಲಾರಂ ಹೊಡೆಯಲಿ.

ವೈರಿಂಗ್ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಹೋಗಬೇಕು, ನಡುವೆ ಕವಲು ಬೇಡ. ಎರಡು ತುದಿಗೂ 120 ಓಮ್ ರೆಸಿಸ್ಟರ್. ಎಲ್ಲ ಆಫ್ ಮಾಡಿ ಲೈನಿನ ಎ, ಬಿ ಎಂಬ ಎರಡು ವೈರ್ ನಡುವೆ ಮೀಟರ್ ಹಿಡಿದರೆ ಹತ್ತಿರಹತ್ತಿರ 60 ಬರಬೇಕು. 120 ಬಂದರೆ ಒಂದು ತುದಿಯದ್ದು ಇಲ್ಲ, 40 ಬಂದರೆ ಯಾರೋ ಮೂರನೆಯದನ್ನು ಹಾಕಿದ್ದಾರೆ. ಎ, ಬಿ ಹೆಸರುಗಳನ್ನು ಕೆಲವು ಕಂಪನಿಯವರು ಅದಲುಬದಲಾಗಿ ಬರೆದಿರುತ್ತಾರೆ. ಒಂದು ಮಾನಿಟರ್ ಪೂರ್ತಿ ಮೌನವಾಗಿದ್ದರೆ ಅದರ ಎರಡು ವೈರ್ ತಿರುಗಿಸಿ ನೋಡಿ, ಏನೂ ಸುಡುವುದಿಲ್ಲ.

ಕನ್ವರ್ಟರ್ ಬದಲಿಸಲು ಒಂದೇ ಕಾರಣ ಒಪ್ಪುತ್ತೇನೆ: ನಿಮ್ಮದು ಐಸೊಲೇಟೆಡ್ (ಲೈನಿಗೂ ಕಂಪ್ಯೂಟರಿಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ್ದು) ಅಲ್ಲದಿದ್ದರೆ. 405 ವೋಲ್ಟ್ ಡಿಸಿ ಪಕ್ಕದಲ್ಲಿ ಲ್ಯಾಪ್‌ಟಾಪನ್ನು ಬರೀ ತಂತಿಯಿಂದ ಕಟ್ಟುವ ಧೈರ್ಯ ನನಗಿಲ್ಲ. ಇರುವುದೇ ಐಸೊಲೇಟೆಡ್ ಆದರೆ ಅದನ್ನು ಸದಾ ಒಂದೇ ಯುಎಸ್‌ಬಿ ಸಾಕೆಟ್ಟಿಗೆ ಹಾಕಿ. ಸೀರಿಯಲ್ ನಂಬರ್ ಇಲ್ಲದ ಚಿಪ್ ಆದರೆ ಸಾಕೆಟ್ ಬದಲಾದಾಗ ವಿಂಡೋಸ್ ಆ ಕನ್ವರ್ಟರ್‌ಗೆ ಹೊಸ ಕಾಮ್ ಪೋರ್ಟ್ ನಂಬರ್ ಕೊಡುತ್ತದೆ, ಸಾಫ್ಟ್‌ವೇರ್ ಹಳೆಯದನ್ನೇ ತಡಕಾಡುತ್ತಿರುತ್ತದೆ. ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್‌ನಲ್ಲಿ, ಅಡ್ವಾನ್ಸ್ಡ್ ಒತ್ತಿ ಹಳೆಯ ನಂಬರ್ ವಾಪಸ್ ಕೊಡಬಹುದು. ಪರೀಕ್ಷೆಗೆ ಬೇರೆ ಟೂಲ್ ತೆರೆಯುವ ಮುಂಚೆ ಮಾನಿಟರಿಂಗ್ ಸಾಫ್ಟ್‌ವೇರ್ ಮುಚ್ಚಿ. ಒಂದು ಕಾಮ್ ಪೋರ್ಟನ್ನು ಇಬ್ಬರು ಹಿಡಿಯಲು ವಿಂಡೋಸ್ ಬಿಡುವುದಿಲ್ಲ.