ಗಾಸ್ಪೆಲ್ ಪಾಸ್ ಏರುವಾಗ ಮಂಡಿನೋವು

ವೇಲ್ಸ್‌ನ ಹೇ-ಆನ್-ವೈ ಊರಿನಿಂದ ಗಾಸ್ಪೆಲ್ ಪಾಸ್ ಎಂಬ ಬೆಟ್ಟದ ರಸ್ತೆಯನ್ನು ಲಗೇಜ್ ಸಮೇತ ಸೈಕಲ್‌ನಲ್ಲಿ ಏರುವಾಗ ಮಂಡಿಯ ಮುಂಭಾಗ ನೋಯುತ್ತದೆ ಅಂದಿದ್ದೀರಿ. ಕಾರಣ ಬಹುಶಃ ಗೇರ್. ನಿಮ್ಮ ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 34, ಹಿಂದಿನದಕ್ಕೆ 28 ಹಲ್ಲು ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸುಮಾರು 1.2 ಸುತ್ತು. 15 ಕೆಜಿ ಲಗೇಜ್ ಹೊತ್ತು 549 ಮೀಟರ್ ಎತ್ತರಕ್ಕೆ ಹೋಗಲು ಇದು ತೀರಾ ಭಾರ.

ಮೊದಲು ಸೀಟು ನೋಡಿ, ಅದಕ್ಕೆ ಖರ್ಚಿಲ್ಲ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮಂಡಿ ಮಡಚಿಯೇ ಇದ್ದರೆ ಅರ್ಧರ್ಧ ಸೆಂಟಿಮೀಟರ್ ಏರಿಸುತ್ತ ಹೋಗಿ.

ಆಮೇಲೆ 11-34 ಕ್ಯಾಸೆಟ್ (11ರಿಂದ 34 ಹಲ್ಲಿನವರೆಗಿನ ಹಿಂದಿನ ಹಲ್ಲುಚಕ್ರಗಳ ಗುಂಪು) ಹಾಕಿಸಿ, ಜೊತೆಗೆ ಉದ್ದದ ಚೈನ್. ಹಳೇ ಚೈನನ್ನೇ ಉಳಿಸಬೇಡಿ: ಹಿಂದೆ ಮುಂದೆ ಎರಡೂ ಕಡೆ ದೊಡ್ಡ ಹಲ್ಲುಚಕ್ರಕ್ಕೆ ಬಿದ್ದಾಗ ಅದು ಬಿಗಿದು, ಗೇರ್ ಬದಲಿಸಲು ಚೈನ್ ಸರಿಸುವ ಡಿರೇಲರನ್ನೇ ಮುರಿಯಬಹುದು. ನಿಮ್ಮ ಡಿರೇಲರ್ ಯಾವುದೆಂದು ಬರೆದಿಲ್ಲ, ಹಾಗಾಗಿ ಅದಕ್ಕೆ 34 ಹಲ್ಲು ಹೊಂದುತ್ತದೋ ಇಲ್ಲವೋ ಹೇಳಲಾರೆ. ಅದರ ಮೇಲಿನ ಮಾಡೆಲ್ ನಂಬರ್ ಅಂಗಡಿಯಲ್ಲಿ ತೋರಿಸಿ.

ಹೇ-ಆನ್-ವೈ ದಾಟುತ್ತಲೇ ಏರು ಶುರು. ಅಲ್ಲೇ, ಕಾಲು ಬಿಗಿಯುವ ಮೊದಲೇ, ಹಗುರ ಗೇರಿಗೆ ಬನ್ನಿ. ನೋವು ಬಂದರೆ ಇಳಿದು ತಳ್ಳಿ, ನಾನೂ ತಳ್ಳಿದ್ದೇನೆ. ಆಚೆ ಲಾಂತೋನಿ ಹಳ್ಳಿ ಕಡೆಯ ಇಳಿಜಾರಿನಲ್ಲಿ ಬೆರಳು ಬ್ರೇಕ್ ಮೇಲೇ ಇರಲಿ, ತಿರುವಿನಾಚೆ ಕುರಿ ನಿಂತಿರಬಹುದು.